ರೈನ್ ನದಿಗೆ ಬಿದ್ದ ಕೀಲಿಕೈ

ಬೇಲಿಯ ಹತ್ತಿರ ಬಟ್ಟೆ ಒಣಹಾಕುತ್ತ ಟಿನೆಕೆ ಬಾಯಿ ಬಿಟ್ಟದ್ದೇ ತಪ್ಪಾಯಿತು. ಮದುವೆಯಾಗಿ ಹನ್ನೆರಡೂವರೆ ವರ್ಷವಾದರೆ ಡಚ್ಚರಿಗೆ ಅದು ತಾಮ್ರದ ಹಬ್ಬ. ಆ ನೆಪದಲ್ಲಿ ಅವಳೂ ಗಂಡ ಡೌವೆಯೂ ಅಕ್ಟೋಬರಿನಲ್ಲಿ ಪ್ರವಾಸದ ಬಸ್ಸು ಹತ್ತಿ ಕೊಲೋನ್, ಬ್ರಸೆಲ್ಸ್, ಪ್ಯಾರಿಸ್ ನೋಡಿಬರುವುದೆಂದು ತೀರ್ಮಾನಿಸಿದ್ದರು. ಪಕ್ಕದ ಮನೆಯ ಹೆರ್ಮಿನ ಕೇಳಿದವಳೇ, "ಅಯ್ಯೋ, ನಿಮ್ಮಿಬ್ಬರನ್ನೇ ಕಳಿಸೋದುಂಟಾ!" ಎಂದು ತನಗೂ ಗಂಡ ಬಾರ್ಟೆಲ್‌ಗೂ ಅವರ ಹಿಂದಿನ ಸೀಟನ್ನೇ ಹಿಡಿದುಬಿಟ್ಟಳು.

ಹೊರಡುವ ಬೆಳಿಗ್ಗೆ ತನ್ನ ಮನೆಯ ಕೀಲಿಕೈಯನ್ನೂ ಡೌವೆಗೆ ಅಂಟಿಸಿದಳು. "ನನ್ನ ಚೀಲದಲ್ಲಿ ಆನೆ ಇಟ್ರೂ ಕಳೆದುಹೋಗುತ್ತೆ ಕಣೋ. ನಿನ್ನ ಕೋಟಿನ ಜೇಬಲ್ಲಿರ್ಲಿ."

ಡೌವೆಗೆ ಬೇಕಾಗಿದ್ದದ್ದು ಇಷ್ಟೇ: ಹೆಂಡತಿಯ ಜೊತೆ ಅರ್ಧ ಗಂಟೆ, ಅವರಿಬ್ಬರೇ. ಕೊಲೋನಿನ ದೊಡ್ಡ ಚರ್ಚಿನಲ್ಲಿ ಹೆರ್ಮಿನ ಮೇಣದ ಬತ್ತಿ ಹಚ್ಚುತ್ತಿದ್ದಾಗ ಟಿನೆಕೆಯ ಕೈ ಹಿಡಿದು ಹೊರಗೆ ಜಾರಿದ. ಇಬ್ಬರೂ ಶಾಲೆಗೆ ಚಕ್ಕರ್ ಹೊಡೆದ ಮಕ್ಕಳಂತೆ ನಗುತ್ತ ರೈನ್ ನದಿಯ ಸೇತುವೆಗೆ ಓಡಿದರು. ಅಲ್ಲಿನ ಕಂಬಿಗೆ ಜೋಡಿಗಳು ಬೀಗ ಹಾಕಿ, ಕೀಲಿಯನ್ನು ನದಿಗೆ ಎಸೆಯುತ್ತಾರೆ. ಡೌವೆ ಇಬ್ಬರ ಹೆಸರು ಕೆತ್ತಿಸಿದ ತಾಮ್ರದ ಬೀಗ ಹೊರತೆಗೆದಾಗ ಟಿನೆಕೆಯ ಕಣ್ಣು ತುಂಬಿ ಬಂತು.

"ಟಿನೆಕೆ, ಇಷ್ಟು ವರ್ಷ ನಾನು ನಿಂಗೆ ಹೇಳದೇ ಇದ್ದದ್ದು ಏನಂದ್ರೆ..."

"ಓಹೋಹೋ! ಸಿಕ್ಕಿಬಿಟ್ರು!" ಹೆರ್ಮಿನ ಓಡಿ ಬರುತ್ತಿದ್ದಳು. ಹಿಂದೆ ಸಾಸೇಜು ಕಚ್ಚುತ್ತ ಬಾರ್ಟೆಲ್. "ಕಳೆದೇಹೋದ್ರಿ ಅಂತ ಗಾಬರಿಯಾಗಿತ್ತು! ಹಾಕು, ಬೇಗ ಹಾಕು ಬೀಗ. ಬಸ್ಸು ಹೊರಡುತ್ತೆ!"

ಗಡಿಬಿಡಿಯಲ್ಲಿ ಡೌವೆ ಬೀಗ ಒತ್ತಿದ.

"ಈಗ ಕಣ್ಣು ಮುಚ್ಕೊಂಡು ಎಸಿ. ಕಣ್ಣು ಬಿಟ್ರೆ ಫಲ ಇಲ್ಲ!"

ಡೌವೆ ಕಣ್ಣು ಮುಚ್ಚಿ, ಜೇಬಿಗೆ ಕೈ ಹಾಕಿ, ಬೀಸಿ ಎಸೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಖುಷಿಯಿಂದ ತಿರುಗಿದವನನ್ನು ಯಾರೋ ಹಿಂದಕ್ಕೆ ಜಗ್ಗಿದಂತಾಯಿತು. ಗಾಳಿಗೆ ಹಾರಿದ ಕೋಟಿನ ಪಟ್ಟಿಯೂ ಬೀಗದೊಳಗೆ ಸಿಕ್ಕಿಕೊಂಡಿತ್ತು!

ಬಾರ್ಟೆಲ್ ಸಾಸೇಜನ್ನು ಬಾಯಲ್ಲಿ ಕಚ್ಚಿಕೊಂಡೇ ಡೌವೆಯ ಸೊಂಟ ಹಿಡಿದು ಎಳೆದ. ದಾರಿಹೋಕರು ಫೋಟೋ ತೆಗೆದರು. "ಪ್ರೀತಿ ಅಂದ್ರೆ ಹೀಗಿರ್ಬೇಕು, ಬಿಡೋಕೇ ಬಾರದು," ಎಂದು ಟಿನೆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಗೆ ಹೆರ್ಮಿನ ಉಗುರಿನ ಕತ್ತರಿ ಹಿಡಿದು, ಬೀಗದ ಮೇಲೆ ಬಗ್ಗಿ, ಬಹಳ ಹೊತ್ತು ಏನೇನೋ ಮಾಡಿ ಪಟ್ಟಿ ಕತ್ತರಿಸಿದಳು. ಹೊಸ ಕೋಟು ಹಾಳಾಯಿತು. ಬಸ್ಸು ಮಾತ್ರ ಸಿಕ್ಕಿತು.

ಬ್ರಸೆಲ್ಸ್ ದಾರಿಯಲ್ಲಿ ಟಿನೆಕೆ ಕರವಸ್ತ್ರ ಹುಡುಕುತ್ತ ಅವನ ಜೇಬಿಗೆ ಕೈ ಹಾಕಿದಳು. ಬಂದದ್ದು ಪುಟ್ಟ ತಾಮ್ರದ ಕೀಲಿ.

"ಇದು ಇಲ್ಲೇ ಇದೆಯಲ್ಲೋ! ಹಾಗಾದ್ರೆ ನೀನು ಎಸೆದದ್ದು?"

ಡೌವೆಯ ಮುಖ ಬಿಳಿಚಿತು. ಮೆಲ್ಲಗೆ ಹಿಂದಕ್ಕೆ ತಿರುಗಿ, ತೊದಲುತ್ತ ತಪ್ಪೊಪ್ಪಿಕೊಂಡ. ಇನ್ನು ಇವರು ಜನ್ಮದಲ್ಲಿ ತನ್ನ ಜೊತೆ ಮಾತಾಡುವುದಿಲ್ಲ ಎಂದು ಅವನಿಗೆ ಒಂದು ಕ್ಷಣ ಆಸೆಯೂ ಆಯಿತು.

"ಅಷ್ಟೇನಾ?" ಹೆರ್ಮಿನ ಸೀಟಿನ ಮೇಲಿಂದ ಬಗ್ಗಿ ಅವನ ಕೆನ್ನೆ ಹಿಂಡಿದಳು. "ಇನ್ನೊಂದು ಕೀಲಿ ಮಗಳ ಹತ್ರ ಇದೆ. ಅವಳು ಕ್ರಿಸ್‌ಮಸ್‌ಗೆ ಬರ್ತಾಳೆ. ಅಲ್ಲೀವರೆಗೂ ನಿಮ್ಮನೇಲೇ ಇರ್ತೀವಿ, ಬಿಡು!"

"ಬೀಗದವನನ್ನ ಕರೆಸಿದ್ರೆ ಆಗಲ್ವಾ?" ಡೌವೆ ಗೋಗರೆದ.

"ಛೆ, ಒಳ್ಳೆ ಬಾಗಿಲನ್ನ ಯಾಕೆ ಕೆಡಿಸ್ಬೇಕು?" ಎಂದ ಬಾರ್ಟೆಲ್. "ನಿಮ್ಮ ಮಹಡಿ ಕೋಣೆಗೆ ಬಿಸಿಲು ಚೆನ್ನಾಗಿ ಬರುತ್ತೆ."

"ನಂಗೆ ಆಗ್ಲೇ ಅನ್ನಿಸಿತ್ತು ನೋಡು, ನಾವು ನಾಲ್ಕು ಜನ ಒಂದೇ ಅಂತ," ಎಂದಳು ಹೆರ್ಮಿನ. "ಅದಕ್ಕೇ ಆ ಬೀಗದ ಹಿಂದೆ ಕತ್ತರಿಯಿಂದ ನಮ್ಮ ಹೆಸರನ್ನೂ ಗೀಚಿ ಬಂದಿದೀನಿ."