ಕೂತ್ಕೊಂಡಾ, ನಿಂತ್ಕೊಂಡಾ?

ಸಣ್ಣಪುಟ್ಟ ಕಳ್ಳತನ ಮಾಡದವರು ಯಾರೂ ಇರಲಿಕ್ಕಿಲ್ಲ. ಕೆಲವರು ಪಕ್ಕದ ಮನೆಯ ದಾಸವಾಳ ಕೀಳುತ್ತಾರೆ, ಕೆಲವರು ಆಫೀಸಿನ ಪೆನ್ನು ಮನೆಗೆ ತರುತ್ತಾರೆ. ನಾನು ಹನ್ನೆರಡು ವರ್ಷ ನಮ್ಮ ಮನೆಯವರು ಮಾಡಿದ ಕೆಲಸಕ್ಕೆ ನನ್ನ ಹೆಸರು ಹಾಕಿಕೊಂಡೆ. ಇದನ್ನು ಅವರ ಎದುರಿಗೇ ಒಪ್ಪಿಕೊಳ್ಳಬಹುದಾಗಿತ್ತು. ಆಗ ತೋಚಲಿಲ್ಲ. ಅವರು ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಈಗ ನಿಮ್ಮೆದುರು ಒಪ್ಪಿಕೊಳ್ಳುತ್ತಿದ್ದೇನೆ.

ನನ್ನದು ಇಂಗ್ಲಿಷಿನಿಂದ ಡಚ್ ಭಾಷೆಗೆ ಅನುವಾದ ಮಾಡುವ ಕೆಲಸ. ಹಲಸೂರಿನ ಎರಡು ಕೋಣೆಯ ಮನೆಯ ಹೆಂಗಸಿಗೆ ಡಚ್ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ಹಾಲೆಂಡಿನವರೊಬ್ಬರು ಊರಾಚೆ ನಡೆಸುತ್ತಿದ್ದ ಗುಲಾಬಿ ತೋಟದ ಆಫೀಸಿನಲ್ಲಿ ನಾನು ಎಂಟು ವರ್ಷ ಟೈಪಿಸ್ಟ್ ಆಗಿದ್ದೆ. ಅವರ ಹೆಂಡತಿಗೆ ಮಾತಾಡಲು ಯಾರಾದರೂ ಬೇಕಿತ್ತು, ನನಗೆ ಬೇಡ ಎನ್ನಲು ಬರುತ್ತಿರಲಿಲ್ಲ. ತೋಟ ಮುಚ್ಚಿತು, ಭಾಷೆ ಉಳಿಯಿತು. ಆಮೇಲೆ ಇಂದಿರಾನಗರದ ಹಳೆಯ ಬಂಗಲೆಯೊಂದರ ಮಹಡಿಯಲ್ಲಿರುವ ಪುಟ್ಟ ಅನುವಾದದ ಆಫೀಸು ಮನೆಗೇ ಕೆಲಸ ಕಳಿಸತೊಡಗಿತು. ನಾನು ಮಾಡಿದ್ದನ್ನು ಹಾಲೆಂಡಿನಲ್ಲಿ ಮರೈಕೆ ಎಂಬ ಹಿರಿಯ ಹೆಂಗಸು ತಿದ್ದುತ್ತಾರೆ. ನಾವು ಒಬ್ಬರನ್ನೊಬ್ಬರು ನೋಡಿಲ್ಲ.

ಯಂತ್ರದ ಕೈಪಿಡಿ, ಔಷಧದ ಚೀಟಿ ಇವನ್ನೆಲ್ಲ ಈಗ ಕಂಪ್ಯೂಟರೇ ಮಾಡಿ ಮುಗಿಸುತ್ತದೆ. ನನ್ನ ಪಾಲಿಗೆ ಬರುವುದು ಕಥೆ, ಕಾಗದ, ಇಂಥ ಮನಸ್ಸಿನ ಮಾತುಗಳು. ಅದೇ ಕಷ್ಟ. ಇಂಗ್ಲಿಷಿನಲ್ಲಿ ಬರೆಯುವವರು ಸಿಟ್ಟು ನೆತ್ತಿಗೇರಿದಾಗ ‘ಸ್ವಲ್ಪ ಬೇಸರವಾಯಿತು’ ಎನ್ನುತ್ತಾರೆ. ನಾನು ಕಂಡ ಡಚ್ಚರೋ, ಸ್ವಲ್ಪವೆಂದರೆ ಸ್ವಲ್ಪವೇ ಎಂದುಕೊಂಡು ನೆಮ್ಮದಿಯಾಗಿ ಕಾಫಿ ಕುಡಿಯುವ ಜನ. ಎಷ್ಟು ಬೇಸರ ಎಂದು ಅಳೆದು ಹೇಳುವವರು ಒಬ್ಬರು ಬೇಕು. ನಮ್ಮ ಮನೆಯವರು ಹಳೇ ಮದ್ರಾಸ್ ರಸ್ತೆಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಕೂದಲೆಳೆಯಷ್ಟು ವ್ಯತ್ಯಾಸವನ್ನು ಅಳೆದು ನಿವೃತ್ತರಾಗಿದ್ದರು. ಅಳೆಯಲು ಮನೆಯಲ್ಲಿ ಏನೂ ಇರಲಿಲ್ಲ. ರಸೆಲ್ ಮಾರುಕಟ್ಟೆಯಿಂದ ಅವರೆಕಾಯಿ ತಂದು ನನ್ನೆದುರಿನ ಕುರ್ಚಿಯಲ್ಲಿ ಹಿತಕುತ್ತ ಕೂರುತ್ತಿದ್ದರು. ಒಂದೊಂದು ಕಾಳು ಹಾರಿ ನನ್ನ ಲ್ಯಾಪ್‌ಟಾಪಿನ ಮೇಲೆ ಬೀಳುತ್ತಿತ್ತು.

“ರೀ, ಒಬ್ಬಳು ಗೆಳತಿಗೆ ಕಾಗದ ಬರ್ದಿದಾಳೆ. ನಿನ್ನ ನಿರ್ಧಾರ ಕೇಳಿ ಸ್ವಲ್ಪ ಆಶ್ಚರ್ಯ ಆಯ್ತು ಅಂತ.”

“ಕೂತ್ಕೊಂಡಾ, ನಿಂತ್ಕೊಂಡಾ?”

“ಕಾಗದ ಕಣ್ರೀ. ಹೆಂಗೆ ಗೊತ್ತಾಗುತ್ತೆ?”

“ಕೊನೇ ಸಾಲು ಓದು.”

“ನಿಂಗೆ ಎಲ್ಲಾ ಒಳ್ಳೇದಾಗ್ಲಿ, ಅಂತ ಮುಗಿಸಿದಾಳೆ.”

“ಹಂಗಾದ್ರೆ ನಿಂತ್ಕೊಂಡು. ಚಪ್ಲಿನೂ ಹಾಕ್ಕೊಂಡಾಗಿದೆ. ಇನ್ನು ಇವಳ ಮನೆಗೆ ಕಾಲಿಡಲ್ಲ ಅವಳು. ಹಂಗೇ ಬರ್ಕೋ.”

ನಾನು ಹಾಗೇ ಬರೆದೆ. ಮರೈಕೆ ಒಂದಕ್ಷರ ತಿದ್ದಲಿಲ್ಲ. ನಿಂತುಕೊಂಡು ಆಡುವುದೆಲ್ಲ ಹೊರಡುವುದಕ್ಕೆ ಆಡುವ ಮಾತು, ನಿಜ ಹೇಳಬೇಕಾದರೆ ಮನುಷ್ಯ ಕೂರಲೇಬೇಕು ಎನ್ನುವುದು ನಮ್ಮ ಮನೆಯವರ ಸಿದ್ಧಾಂತ. ಡಚ್ಚಿನ ಒಂದು ಪದವೂ ಬಾರದ, ಇಂಗ್ಲಿಷನ್ನು ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ಕಲಿತ ಮನುಷ್ಯ ಹೀಗೆ ಹನ್ನೆರಡು ವರ್ಷ ಅನುವಾದ ಮಾಡಿದರು. ನಾನು ಬರೆದುಕೊಂಡೆ, ಅಷ್ಟೆ.

ಒಂದು ಬೆಳಿಗ್ಗೆ ಎದೆನೋವೆಂದರು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಮನೆಗೆ ತುಂಬಾ ಜನ ಬಂದರು. “ಏನಾದ್ರೂ ಬೇಕಾದ್ರೆ ಒಂದು ಫೋನ್ ಮಾಡಿ” ಎಂದು ಎಲ್ಲರೂ ಹೇಳಿದರು. ಬಹಳ ಮಂದಿಯ ಕೈಯಲ್ಲಿ ಸ್ಕೂಟರಿನ ಕೀ ಇತ್ತು. ಅಂಥ ಹೊತ್ತಿನಲ್ಲೂ ನಾನು ಯಾರು ಕೂತರು, ಯಾರು ನಿಂತರು ಎಂದು ನೋಡುತ್ತಿದ್ದೆ. ಎದ್ದು ಬಂದು ಇದನ್ನು ಕೇಳಿದ್ದರೆ ಅವರು ನಗುತ್ತಿದ್ದರು.

ಮೂರು ತಿಂಗಳ ನಂತರ ಅನುವಾದದ ಆಫೀಸಿನ ಪ್ರಕಾಶ್ ಒಂದು ಪುಟ್ಟ ಪುಸ್ತಕ ಕಳಿಸಿದರು. ಹತ್ತಿರದವರನ್ನು ಕಳೆದುಕೊಂಡವರು ಬರೆದ ಇಪ್ಪತ್ತು ಪತ್ರಗಳು. ಬೇಡ ಎನ್ನಲು ನನಗೆ ಈಗಲೂ ಬರುವುದಿಲ್ಲ. ಮೊದಲನೆಯ ಪತ್ರ ‘ಐ ಆಮ್ ಮ್ಯಾನೇಜಿಂಗ್’ ಎಂದು ಆರಂಭವಾಗುತ್ತಿತ್ತು. ಎಲ್ಲವನ್ನೂ ಸರಿಯಾಗಿ ನಿಭಾಯಿಸುತ್ತಿದ್ದೇನೆ ಎಂಬರ್ಥದ ಡಚ್ ವಾಕ್ಯ ಬರೆದು ಮುಂದಕ್ಕೆ ಹೋದೆ. ಎರಡು ವಾರದ ಕೆಲಸ ನಾಲ್ಕೇ ದಿನದಲ್ಲಿ ಮುಗಿಯಿತು. ನಾನೂ ಕಲಿತುಬಿಟ್ಟೆ ಎಂದು ಒಳಗೊಳಗೇ ಹೆಮ್ಮೆಯಾಯಿತು.

ವಾರದ ಮೇಲೆ ಪ್ರಕಾಶ್ ಫೋನ್ ಮಾಡಿದರು. “ಮೇಡಂ, ತಪ್ಪು ತಿಳ್ಕೋಬೇಡಿ. ಮರೈಕೆ ಒಂದು ಮೇಲ್ ಹಾಕಿದಾರೆ.” ಓದಿದರು. ಅನುವಾದದಲ್ಲಿ ತಪ್ಪಿಲ್ಲ, ಆದರೆ ಈ ಪತ್ರ ಬರೆದವರಲ್ಲಿ ಯಾರಿಗೂ ದುಃಖವಾದಂತೆ ಕಾಣುವುದಿಲ್ಲ. ಇಷ್ಟು ವರ್ಷ ಮಾಡುತ್ತಿದ್ದವರನ್ನು ಬದಲಾಯಿಸಿದ್ದೀರಾ? ಹಳಬರ ಕೈಯಲ್ಲೇ ಮಾಡಿಸಿ, ಆಗದಿದ್ದರೆ ಇಲ್ಲೇ ಬೇರೆಯವರಿಗೆ ಕೊಡುತ್ತೇವೆ.

“ಈ ಸಲ ಬೇರೆ ಯಾರ ಹತ್ರನಾದ್ರೂ ಮಾಡಿಸಿದ್ರಾ ಮೇಡಂ?”

“ಇಲ್ಲಪ್ಪ. ಈ ಸಲ ನಾನೊಬ್ಳೇ ಮಾಡಿದ್ದು.”

ಅವರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ. “ಪರವಾಗಿಲ್ಲ, ನಿಧಾನಕ್ಕೆ ಟೈಮ್ ತಗೊಂಡು ಮಾಡಿ. ಸೋಮವಾರ ಕೊಡಿ ಸಾಕು.” ಅಂದು ಗುರುವಾರ. “ನೀವು ಹೇಗಿದೀರಾ?”

“ಮ್ಯಾನೇಜ್ ಮಾಡ್ತಿದೀನಿ” ಎಂದೆ.

ಫೋನ್ ಇಟ್ಟ ಮೇಲೆ ನೋಡಿಕೊಂಡರೆ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದೆ. ಕಾಫಿ ಕುಡಿಯುವುದು ಅಲ್ಲಿ ನಿಂತೇ, ತಟ್ಟೆ ಹಿಡಿದು ಉಣ್ಣುವುದೂ ನಿಂತೇ. ಇಪ್ಪತ್ತು ಪತ್ರಗಳನ್ನೂ ಆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ನಿಂತುಕೊಂಡೇ ಮಾಡಿದ್ದೆ. ಮೇಜಿನ ಹತ್ತಿರ ಕೂತರೆ ಎದುರಿನ ಕುರ್ಚಿ ಕಾಣುತ್ತದೆ. ಅದು ಬರಿದಾಗಿ ಕಾಣದಿರಲಿ ಎಂದು ಒಗೆದ ಬಟ್ಟೆಗಳನ್ನು ಅದರ ಮೇಲೆ ರಾಶಿ ಹಾಕಿದ್ದೆ. ಮೂರು ತಿಂಗಳಿಂದ ಆ ರಾಶಿ ಮಡಿಚಿದ್ದಿಲ್ಲ.

ಅವತ್ತು ಮಡಿಚಿದೆ. ಬೀರುವಿನಲ್ಲಿಟ್ಟು ಬಂದು ಮೇಜಿನ ಮುಂದೆ ನನ್ನ ಕುರ್ಚಿಯಲ್ಲಿ ಕೂತು ಮೊದಲನೆಯ ಪತ್ರ ತೆಗೆದೆ. ‘ಐ ಆಮ್ ಮ್ಯಾನೇಜಿಂಗ್.’ ಕೂತ್ಕೊಂಡಾ, ನಿಂತ್ಕೊಂಡಾ ಎಂದು ಗಟ್ಟಿಯಾಗಿ ಕೇಳಿದೆ. ಅರ್ಧ ಗಂಟೆ ಏನೂ ಬರೆಯಲಾಗಲಿಲ್ಲ, ಸೆರಗು ಒದ್ದೆಯಾಯಿತು. ಆಮೇಲೆ, ಊಟ ಮಾಡುತ್ತಿದ್ದೇನೆ, ಬಟ್ಟೆ ಒಗೆಯುತ್ತಿದ್ದೇನೆ, ಅದಕ್ಕಿಂತ ಹೆಚ್ಚು ಕೇಳಬೇಡಿ ಎಂದು ಡಚ್ಚಿನಲ್ಲಿ ಬರೆದೆ.

ಸೋಮವಾರ ಕಳಿಸಿದೆ. ಬುಧವಾರ ಮರೈಕೆಯ ಉತ್ತರ ಬಂತು. ಒಂದಕ್ಷರ ತಿದ್ದಿರಲಿಲ್ಲ. ಹಳಬರು ಮರಳಿ ಬಂದದ್ದು ಸಂತೋಷ, ಅವರಿಗೆ ನನ್ನ ನಮಸ್ಕಾರ ತಿಳಿಸಿ ಎಂದಿತ್ತು. ಎದುರಿನ ಕುರ್ಚಿಗೆ ತಿಳಿಸಿದೆ. ಅವರು ಮಾಡಿದಾಗ ನನ್ನ ಹೆಸರಾಯಿತು. ಜೀವಮಾನದಲ್ಲಿ ಒಂದೇ ಒಂದು ಸಲ ನಾನೇ ಕೂತು ಮಾಡಿದೆ, ಹೆಸರು ಅವರಿಗೆ ಹೋಯಿತು.