ಹುಳವಿಲ್ಲದ ಚೀಲ

“ಚೀಲ ಬಿಡ್ರಿ! ಅದು ನನ್ನ ತವರಿನ ಜೋಳ!”

“ಒಂದು ತಾಸಿಗಷ್ಟ ಶೇಖರಮ್ಮ. ಸಾಹೇಬ್ರು ನೋಡಿ ಹೋದ ಕೂಡ್ಲೇ ವಾಪಸ್ ತರ್ತೀನಿ.”

ಸಿಂಧನೂರಿನ ಸರ್ಕಾರಿ ಗೋದಾಮಿನ ಹಂಗಾಮಿ ಗುಮಾಸ್ತ ಅಮರಗುಂಡಪ್ಪ ಚೀಲದ ಒಂದು ಕಿವಿ ಹಿಡಿದಿದ್ದ, ಹೆಂಡತಿ ಇನ್ನೊಂದು. ನಿಜಾಮರ ಆಳಿಕೆ ಹೋಗಿತ್ತು; ಗೋದಾಮಿನ ಹೆಗ್ಗಣಗಳಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ರಾಯಚೂರಿನ ಸಾಹೇಬರು ಇಂದು ಮೆಚ್ಚಿದರೆ ನೌಕರಿ ಕಾಯಂ, ಇಲ್ಲವಾದರೆ ಮುಕ್ಕುಂದದ ಮಾವನ ಎಮ್ಮೆ ಕಾಯುವುದೇ ಗತಿ.

“ನಿಮ್ಮ ಗೋದಾಮಿನಾಗ ಜೋಳ ಇಲ್ಲೇನು?”

“ಐತಿ. ಕರದ್ರ ತಾನಾ ನಡಕೊಂತ ಬರತೈತಿ.”

“ಬೇವಿನಸೊಪ್ಪು, ಬೂದಿ ಹಾಕಿ ಇಡ್ರಿ ಅಂತ ಎಷ್ಟು ಸಲ ಹೇಳೀನಿ?”

“ಅದಕ್ಕ ಮ್ಯಾಲಿನವರ ಮಂಜೂರಿ ಬೇಕಬೇ. ಅರ್ಜಿ ಬರದಿಟ್ಟಿದ್ದೆ.”

“ಏನಾತು?”

“ಇಲಿ ತಿಂದ್ವು.”

ಕೊನೆಗೆ ಚೀಲ ಗೋದಾಮಿನ ಮುಂದಿನ ಸಾಲಿನಲ್ಲಿ ಮದುಮಗನಂತೆ ಕೂತಿತು. ಶೇಖರಮ್ಮ ಬಾಗಿಲಲ್ಲೇ ಕಾವಲು ನಿಂತಳು.

ಸಾಹೇಬರು ಬಂದವರೇ ಆ ಚೀಲಕ್ಕೆ ಕೊಳವಿ ಚುಚ್ಚಿ ಕಾಳು ತೆಗೆದು, ಅಂಗೈ ಮೇಲೆ ಹರವಿ, ಮೂಸಿ ನೋಡಿದರು.

“ಹುಳ ಎಲ್ಲಿ?”

“ಒಂದೂ ಇಲ್ರಿ ಸಾಹೇಬ್ರ!” ಅಮರಗುಂಡಪ್ಪನ ಎದೆ ಉಬ್ಬಿತು.

“ಇಲಿ ಹಿಕ್ಕಿ?”

“ಹುಡುಕಿದ್ರೂ ಸಿಗಂಗಿಲ್ರಿ!”

“ಅದಕ್ಕಾ ಕೇಳಾಕತ್ತೀನಿ. ಗೋದಾಮು ತಿರುಗಿ ತಿರುಗಿ ನನ್ನ ತಲಿ ಬೆಳ್ಳಗಾತು, ಹುಳ ಇಲ್ಲದ ಸರ್ಕಾರಿ ಜೋಳ ನೋಡಿಲ್ಲ. ಸರ್ಕಾರಕ್ಕ ಕೊಡೋ ಲೆವಿ ಜೋಳ ತಪ್ಪಿಸಾಕ ಯಾರೋ ಖಾಸಗಿ ಮಾಲು ತಂದು ಮುಚ್ಚಿಟ್ಟಾರ. ಯಾರದಿದು?”

ನಮ್ಮದೆಂದರೆ ನೌಕರಿ ಹೋಗುತ್ತದೆ, ಅಲ್ಲವೆಂದರೆ ಜೋಳ. ಅಮರಗುಂಡಪ್ಪ ಹೆಂಡತಿಯನ್ನು ನೋಡಿದ. ಬಾಯಿ ತೆರೆದಿದ್ದ ಶೇಖರಮ್ಮ, ಗಂಡನ ಬಿಳಿಚಿದ ಮುಖ ಕಂಡು ಬಾಯಿಗೆ ಸೆರಗು ತುರುಕಿಕೊಂಡಳು.

“ಗೊತ್ತಿಲ್ರಿ,” ಎಂದ.

“ಹಂಗಾರ ಜಪ್ತಿ. ಸರ್ಕಾರಿ ರಾಶಿಗೆ ಸುರೀರಿ.”

ಸಾಹೇಬರು ಹಿಂದಿನ ಸಾಲಿಗೂ ಕೊಳವಿ ಚುಚ್ಚಿದರು. ಹುಳಗಳು ಅಂಗೈ ತುಂಬ ಹರಿದಾಡಿ, ಅಂಗಿಯ ತೋಳಿನೊಳಗೆ ನುಗ್ಗಿದವು.

“ಶಾಬಾಸ್! ಇದು ನೋಡು ಅಸಲಿ ಮಾಲು. ನಿನ್ನ ನೌಕ್ರಿ ಕಾಯಂ ಹೋಗು!”

ಅಂದಿನಿಂದ ಮನೆಗೆ ಅದೇ ಗೋದಾಮಿನ ರೇಷನ್ ಜೋಳವೇ ಗತಿಯಾಯಿತು. ಊಟಕ್ಕೆ ಕೂತ ಅಮರಗುಂಡಪ್ಪ ರೊಟ್ಟಿ ಮುರಿದು ಬೆಳಕಿಗೆ ಹಿಡಿದ.

“ಇದೇನಬೇ, ರೊಟ್ಟಿಯಾಗ ಕರ್ರಗ? ತೆಗೆದು ಒಗಿಬಾರದಾ?”

“ನಾ ಹ್ಯಾಂಗ ತೆಗೀಲಿ?” ಎಂದಳು ಶೇಖರಮ್ಮ, ಇನ್ನೊಂದು ರೊಟ್ಟಿ ಹಾಕುತ್ತ. “ಅದೂ ನಿಮ್ಮಂಗ ಗೋದಾಮಿನಾಗ ಕಾಯಂ ಆಗೈತಿ.”