ಬೆರಳಷ್ಟು ಸರಿದ ಚುಕ್ಕೆ

ಮಧ್ಯಾಹ್ನ ಮೂರೂ ಕಾಲಿಗೆ ಗೋಡೆಯ ಮೇಲಿನ ಬೆಳಕಿನ ಚುಕ್ಕೆ ಒಂದು ಬೆರಳಿನಷ್ಟು ಎಡಕ್ಕೆ ಸರಿಯಿತು.

ತಕ್ಕಡಿ ಮೇಷ್ಟ್ರು ಕಣ್ಣುಜ್ಜಿಕೊಂಡು ಮತ್ತೆ ನೋಡಿದರು.

ಭೌತವಿಜ್ಞಾನದಲ್ಲಿ ಮೇಷ್ಟ್ರು ಕೈಹಾಕದ ಪ್ರಯೋಗವಿರಲಿಲ್ಲ. ಹರೆಯದಲ್ಲಿ ಗಾಳಿಯನ್ನು ದ್ರವವಾಗುವಷ್ಟು ತಣಿಸಿದರು. ಆಮೇಲೆ ಸಮುದ್ರದ ತಳದ ಸದ್ದು ಹಿಡಿದರು. ಬಲೂನಿಗೆ ಪೆಟ್ಟಿಗೆ ಕಟ್ಟಿ ಆಕಾಶದಿಂದ ಸುರಿಯುವ ಕಿರಣಗಳನ್ನು ಎಣಿಸಿದರು. ಈಗ ಉಳಿದದ್ದು ನೆಲಮಾಳಿಗೆಯ ಒಂದು ಕೋಣೆ, ಅದರಲ್ಲೊಂದು ಗಾಜಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಕೂದಲಿಗಿಂತ ತೆಳ್ಳಗಿನ ತಂತಿ ಹಿಡಿದು ತೂಗುವ ಕಡ್ಡಿ, ಕಡ್ಡಿಯ ಎರಡು ತುದಿಗೂ ಗುಂಡು, ನಡುವೆ ಪುಟ್ಟ ಕನ್ನಡಿ. ಈ ತಕ್ಕಡಿಯಿಂದಲೇ ಮೇಷ್ಟ್ರಿಗೆ ಆ ಹೆಸರು. ಯಾವುದಾದರೂ ಸೂಕ್ಷ್ಮ ಸೆಳೆತ ತಾಗಿದರೆ ಕಡ್ಡಿ ತಿರುಗಬೇಕು, ಕನ್ನಡಿಯಿಂದ ಗೋಡೆಗೆ ಬೀಳುವ ಬೆಳಕು ಸರಿಯಬೇಕು. ಎರಡು ವರ್ಷ ಆ ಚುಕ್ಕೆ ಗೊತ್ತುಗುರಿಯಿಲ್ಲದೆ ನಡುಗುತ್ತಿತ್ತೇ ಹೊರತು ಏನನ್ನೂ ಹೇಳಿರಲಿಲ್ಲ. ಇವತ್ತು ನಾಲ್ಕು ಗಂಟೆಗೆ ನಿರ್ದೇಶಕರು ಬಂದು, ಕೋಣೆ ಮೇಷ್ಟ್ರಿಗೋ ಹಳೆಯ ಬೀರುಗಳಿಗೋ ಎಂದು ತೀರ್ಮಾನಿಸುವವರಿದ್ದರು. ಅದಕ್ಕೇ ಮೇಷ್ಟ್ರು, ಜ್ವರದ ಮಗುವಿನ ಬಳಿ ನಿಂತ ತಾಯಿಯಂತೆ, ಪೆಟ್ಟಿಗೆಗೆ ಒತ್ತಿಕೊಂಡೇ ನಿಂತಿದ್ದರು.

"ಸರೀತು! ಸರೀತು ಕಣ್ರೀ!"

ಕೂಗಿಗೆ ಪಕ್ಕದ ಕೋಣೆಯ ಲೆಕ್ಕದ ಪ್ರೊಫೆಸರು ಓಡಿ ಬಂದರು. ಒಂದು ಸ್ಕ್ರೂ ತಿರುಗಿಸಿ ಗೊತ್ತಿಲ್ಲದಿದ್ದರೂ ಊರವರ ಪ್ರಯೋಗಕ್ಕೆಲ್ಲ ತಪ್ಪು ಹುಡುಕುವವರು.

"ಫ್ಯಾನ್ ಗಾಳಿ ಇರ್ಬೇಕು ಬಿಡ್ರಿ."

ಫ್ಯಾನು ನಿಂತಿತು. ಚುಕ್ಕೆ ಜಗ್ಗಲಿಲ್ಲ.

"ಹಾಗಾದ್ರೆ ನೀರಿನ ಪಂಪು."

ಇಬ್ಬರೂ ಓಡಿಹೋಗಿ ಪಂಪು ನಿಲ್ಲಿಸಿದರು. ಕಟ್ಟಡದ ನಲ್ಲಿಗಳೆಲ್ಲ ಒಣಗಿದವು. ಮುಖಕ್ಕೆ ಸೋಪು ಹಚ್ಚಿಕೊಂಡವರು ಯಾರೋ ಮೇಲಿನಿಂದ ಬೈಯತೊಡಗಿದರು. ಮೇಷ್ಟ್ರು ಮರಳಿ ಪೆಟ್ಟಿಗೆಗೆ ಒತ್ತಿ ನಿಂತು ನೋಡಿದರು. ಚುಕ್ಕೆ ಸರಿದೇ ಇತ್ತು!

"ಲಿಫ್ಟು! ಲಿಫ್ಟೇ ಕಣ್ರೀ, ನನ್ನ ಮಾತು ಕೇಳಿ."

ಮತ್ತೆ ಇಬ್ಬರೂ ಓಡಿದರು. ಮೇಷ್ಟ್ರು ಲಿಫ್ಟಿನ ಫ್ಯೂಸನ್ನೇ ಕಿತ್ತು ಜೇಬಿಗಿಳಿಸಿ ಬಂದರು. ಪೆಟ್ಟಿಗೆಯ ಪಕ್ಕ ಉಸಿರು ಬಿಗಿಹಿಡಿದು ನಿಂತರು. ಚುಕ್ಕೆ ಆಗಲೂ ಸರಿದೇ ಇತ್ತು!

"ದೇವರು ದೊಡ್ಡವನು," ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು.

"ಹೊಸ ಸೆಳೆತ ರೀ ಇದು! ನಾನು ಮೊದಲೇ ಹೇಳಿರ್ಲಿಲ್ವಾ?" ಎಂದು ಪ್ರೊಫೆಸರು ಅವರನ್ನು ತಬ್ಬಿಕೊಂಡರು.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ, ಗಂಡ ಮನೆಯಲ್ಲೇ ಮರೆತುಬಂದಿದ್ದ ಬಿ.ಪಿ. ಮಾತ್ರೆ ಹಿಡಿದು ಬಂದರು. "ಕುಣಿಯೋದು ಆಮೇಲೆ, ಮೊದಲು ಇದನ್ನ ನುಂಗಿ" ಎಂದು ಸ್ಟೂಲಿನ ಮೇಲೆ ಕೂತರು.

ನಾಲ್ಕೂವರೆಗೆ ನಿರ್ದೇಶಕರು ಬಾಗಿಲಲ್ಲಿ ಕಾಣಿಸಿಕೊಂಡರು. ಹಿಂಡಿ ಒಣಗಹಾಕಬೇಕಾದ ಬಟ್ಟೆಯಂತಿದ್ದರು.

"ಬಾಗಿಲು ಮೀಟಿ ಹೊರಗೆ ಎಳೆಯೋವರೆಗೆ ಮುಕ್ಕಾಲು ಗಂಟೆ ಲಿಫ್ಟಲ್ಲಿದ್ದೆ. ಫ್ಯೂಸ್ ಯಾರ್ರೀ ಕಿತ್ತಿದ್ದು?"

"ವಿಜ್ಞಾನಕ್ಕೋಸ್ಕರ ಸಾರ್! ಬನ್ನಿ, ಬಂದು ನೋಡಿ!" ಮೇಷ್ಟ್ರು ಬಾಗಿಲಿಗೆ ಹಾರಿ ಅವರ ಕೈ ಹಿಡಿದರು.

"ರೀ," ಎಂದರು ಹೆಂಡತಿ, "ನೀವು ಆ ಕಡೆ ಹೋದ ತಕ್ಷಣ ಈ ಚುಕ್ಕೆ ವಾಪಸ್ ಬಂತಲ್ರೀ."

ಮೇಷ್ಟ್ರು ಪೆಟ್ಟಿಗೆಯ ಬಳಿ ಬಂದರು. ಚುಕ್ಕೆ ಸರಿಯಿತು. ಬಾಗಿಲಿಗೆ ಹೋದರು. ಚುಕ್ಕೆ ಮರಳಿತು. ಹಂಚಿಕಡ್ಡಿಯಂಥ ಪ್ರೊಫೆಸರನ್ನು ಪೆಟ್ಟಿಗೆಯ ಪಕ್ಕ ನಿಲ್ಲಿಸಿದರೆ ಚುಕ್ಕೆ ಕ್ಯಾರೇ ಅನ್ನಲಿಲ್ಲ.

"ಹೊಟ್ಟೆ ಕರಗಿಸಿ ಅಂತ ಎಷ್ಟು ಬಡ್ಕೊಂಡೆ. ಈಗ ವಿಜ್ಞಾನಾನೂ ಅದನ್ನೇ ಹೇಳ್ತಿದೆ," ಎಂದರು ಹೆಂಡತಿ.

ಪ್ರೊಫೆಸರು ಮೆಲ್ಲಗೆ, "ನಂಗೆ ಮೊದಲಿಂದ್ಲೂ ಅನುಮಾನವಿತ್ತು" ಎಂದರು.

ಮೇಷ್ಟ್ರು ಹೊಸ್ತಿಲಾಚೆಯೇ ಕುಸಿದು ಕೂತರು. ನಿರ್ದೇಶಕರು ಹತ್ತು ನಿಮಿಷ ಗೋಡೆ ನೋಡಿದರು. ಚುಕ್ಕೆ ಬಣ್ಣದಲ್ಲಿ ಬರೆದಿಟ್ಟಂತೆ ನಿಂತಿತ್ತು.

"ಎರಡು ವರ್ಷದಲ್ಲಿ ಇದು ಹೀಗೆ ಅಲ್ಲಾಡದೆ ನಿಂತಿದ್ದೇ ಇಲ್ಲ!" ಎಂದರು ನಿರ್ದೇಶಕರು. "ಒಬ್ಬ ಮನುಷ್ಯನ ಸೆಳೆತಾನೂ ಹಿಡಿಯೋ ಯಂತ್ರ! ಅದ್ಭುತ ಕಣ್ರೀ! ಈ ಕೋಣೆ ಇನ್ನು ಐದು ವರ್ಷ ಈ ಪ್ರಯೋಗಕ್ಕೇ."

"ಸಾರ್!" ಮೇಷ್ಟ್ರು ಚಿಮ್ಮಿ ಎದ್ದು ಒಳಗೆ ನುಗ್ಗಿದರು.

"ಅಲ್ಲೇ ನಿಲ್ಲಿ!" ಎಂದು ಮೂವರೂ ಒಟ್ಟಿಗೆ ಕೂಗಿದರು.

"ಒಂದೇ ಷರತ್ತು," ಎಂದರು ನಿರ್ದೇಶಕರು. "ನೀವು ಈ ಕೋಣೆಯೊಳಗೆ ಕಾಲಿಡೋ ಹಾಗಿಲ್ಲ. ಅಳತೆಯೆಲ್ಲ ಪ್ರೊಫೆಸರು ನೋಡ್ಕೋತಾರೆ."

ಮೇಷ್ಟ್ರು ಹೊರಗೆ ಬಂದು ಬಾಗಿಲಿನ ಚೌಕಟ್ಟಿಗೆ ಒರಗಿ, ತಾವು ಕಟ್ಟಿದ ಪೆಟ್ಟಿಗೆಯನ್ನು ಕತ್ತು ಚಾಚಿ ನೋಡಿದರು.

"ರೀ," ಹೆಂಡತಿ ಗೋಡೆಯಿಂದ ಕಣ್ಣು ಕೀಳದೆ ಹೇಳಿದರು, "ಇನ್ನೂ ಎರಡು ಹೆಜ್ಜೆ ಹಿಂದಕ್ಕೆ."